ಬೀಗರೂಟಕ್ಕೆ ಬಂದವರೆಲ್ಲ ಮನೆ ಸೇರಬೇಕು, ಏನು ಮಾಡಬಹುದು ಹೇಳಿ

ಕೆರೆಕೋಡಿ

ಎಲ್ಲರಿಗೂ ನಮಸ್ಕಾರ. ನಮ್ಮದು ನಾಗಮಂಗಲ ಕಡೆಯ ಹಳ್ಳಿ. ಮುಂದಿನ ತಿಂಗಳು ಚಿಕ್ಕಪ್ಪನ ಮಗಳ ಮದುವೆ. ಆಮೇಲೆ ಬೀಗರೂಟ. ನಮ್ಮ ಕಡೆಯವರಿಗೆ ಗೊತ್ತಿರುತ್ತದೆ, ಬೀಗರೂಟ ಅಂದರೆ ಬರೀ ಮುದ್ದೆ, ಬೋಟಿ, ನಾಟಿಕೋಳಿ ಅಲ್ಲ. ತೆಂಗಿನ ತೋಟದ ಹಿಂದುಗಡೆ ಕುಡಿಯುವವರಿಗೆ ಅಂತ ಇನ್ನೊಂದು ಶಾಮಿಯಾನ ಇರುತ್ತದೆ.

2022ರ ಫೆಬ್ರವರಿಯಲ್ಲಿ ಇಂಥದ್ದೇ ಒಂದು ಬೀಗರೂಟದಿಂದ ಹೊರಟ ನನ್ನ ತಮ್ಮ ಮನೆಗೆ ಬರಲಿಲ್ಲ. ಅವನಿಗೆ 26 ವರ್ಷ. ಅವನು ಕುಡಿದಿದ್ದಾನೆ ಅಂತ ಗೊತ್ತಿದ್ದೇ ಬೈಕಿನ ಕೀ ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ. ಎರಡು ಸಲ ಕೇಳಿದ, ಕೊಡಲಿಲ್ಲ. ಮೂರನೇ ಸಲ ಬಂದು "ಅಕ್ಕಾ, ಅತ್ತೆಗೆ ಬಿಪಿ ಮಾತ್ರೆ ತರಬೇಕಂತೆ, ಇಲ್ಲೇ ಹೋಗಿ ಬಂದುಬಿಡ್ತೀನಿ" ಅಂದ. ಮಾತು ತೊದಲುತ್ತಿರಲಿಲ್ಲ. ನೆಟ್ಟಗೆ ನಿಂತಿದ್ದ. ಕೊಟ್ಟೆ.

ಐದು ಕಿಲೋಮೀಟರ್ ದೂರದಲ್ಲಿ ಕಬ್ಬಿನ ಟ್ರಾಕ್ಟರ್ ಒಂದು ಪಂಚರ್ ಆಗಿ ರಸ್ತೆ ಬದಿ ನಿಂತಿತ್ತು. ಹಿಂದೆ ದೀಪ ಇರಲಿಲ್ಲ, ರಿಫ್ಲೆಕ್ಟರ್ ಇರಲಿಲ್ಲ. ಹಿಂದಿನಿಂದ ಹೋಗಿ ಗುದ್ದಿದ.

ಎಫ್‌ಐಆರ್‌ನಲ್ಲಿ ಕುಡಿದಿದ್ದ ಅನ್ನುವುದು ಬರಲಿಲ್ಲ. ನಮ್ಮ ಮನೆಯವರೇ ಬರೆಸಬೇಡಿ ಅಂತ ಬೇಡಿಕೊಂಡಿದ್ದರು. ಸತ್ತವನ ಮೇಲೆ ಯಾಕೆ ಕೆಟ್ಟ ಹೆಸರು ಅಂತ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ಕುಡಿತ, ಮಾದಕ ವಸ್ತುವಿನಿಂದ ಅಂತ ಬರೆದಿರುವುದು 4,201. ನನ್ನ ತಮ್ಮ ಆ 4,201ರಲ್ಲಿ ಇಲ್ಲ. ಅವನ ಹಾಗೆ ಬಿಟ್ಟುಹೋದವರು ಎಷ್ಟು ಜನವೋ ಅಂತ ಆ ಅಂಕಿ ಓದಿದಾಗೆಲ್ಲ ಅನ್ನಿಸುತ್ತದೆ.

ಈಗ ಮತ್ತೆ ಅದೇ ತೋಟ, ಅದೇ ನೆಂಟರು. ಕುಡಿಸಲೇಬೇಡಿ ಅಂತ ಚಿಕ್ಕಪ್ಪನ ಹತ್ತಿರ ಹೇಳಿ ನೋಡಿದೆ. "ಬೀಗರು ಏನಂದುಕೊಳ್ಳುತ್ತಾರೆ" ಅಂತಾರೆ. ಸುಮಾರು 400 ಜನ ಬರುತ್ತಾರೆ. ಅದರಲ್ಲಿ ಬೈಕು, ಕಾರು ತರುವವರು ನೂರು ಜನ ಇರಬಹುದು. ಕುಡಿದವರು ಒಬ್ಬರೂ ಗಾಡಿ ಮುಟ್ಟದ ಹಾಗೆ ಮಾಡುವುದು ಹೇಗೆ? ಮಾಡಿ ನೋಡಿದವರು ಇದ್ದರೆ ಹೇಳಿ.

---

ಚನ್ನಪಟ್ಟಣ ಹುಡುಗ

ಅಕ್ಕ, ಓದಿ ಸಂಕಟ ಆಯಿತು. ಕೀ ಕೊಟ್ಟಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎರಡು ಸಲ ಕೊಡದೇ ಇದ್ದಿರಿ. ಅಲ್ಲಿದ್ದ ಗಂಡಸರು ಒಂದು ಸಲವೂ ಕೇಳಿರುವುದಿಲ್ಲ.

---

ರಾತ್ರಿಪಾಳಿ

ನಾನು ನರ್ಸ್. ಹನ್ನೊಂದು ವರ್ಷ ತುರ್ತು ಚಿಕಿತ್ಸಾ ಘಟಕದಲ್ಲಿ ಕೆಲಸ ಮಾಡಿದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರ ಬೇರೆಯವರು ಹೇಳಲಿ. ನಾನು ಹೇಳುವುದು, ಎಲ್ಲ ಮಾಡಿದ ಮೇಲೂ ಯಾರಾದರೂ ಬಿದ್ದರೆ ಏನು ಮಾಡಬೇಕು ಅನ್ನುವುದು.

ಕುಡಿದವನು ಬೈಕಿನಿಂದ ಬೀಳುತ್ತಾನೆ. ಎದ್ದು ಕೂರುತ್ತಾನೆ, ಮಾತಾಡುತ್ತಾನೆ. ಹೊರಗೆ ರಕ್ತ ಇಲ್ಲ. ಮನೆಯವರು "ಎಣ್ಣೆ ಜಾಸ್ತಿ ಆಗಿದೆ, ಮಲಗಿದರೆ ಸರಿಹೋಗುತ್ತೆ" ಅಂತ ಚಾಪೆ ಹಾಸಿ ಮಲಗಿಸುತ್ತಾರೆ. ರಾತ್ರಿಯೆಲ್ಲ ಜೋರಾಗಿ ಗೊರಕೆ. ಬೆಳಿಗ್ಗೆ ಎಬ್ಬಿಸಿದರೆ ಏಳುವುದಿಲ್ಲ. ಆಗ ಆಸ್ಪತ್ರೆಗೆ ಕರೆದುಕೊಂಡು ಬರುತ್ತಾರೆ. ತಲೆಬುರುಡೆಯ ಒಳಗೆ ರಕ್ತ ಕಟ್ಟಿರುತ್ತದೆ. ಅವರು ನಿದ್ದೆ ಅಂದುಕೊಂಡಿದ್ದು ನಿದ್ದೆ ಆಗಿರಲಿಲ್ಲ.

ಇದನ್ನು ಒಂದೆರಡು ಸಲ ಅಲ್ಲ, ಎಷ್ಟೋ ಸಲ ನೋಡಿದ್ದೇನೆ. ಕುಡಿತದ ಅಮಲು ಮತ್ತು ತಲೆಗೆ ಬಿದ್ದ ಪೆಟ್ಟು ಎರಡೂ ನೋಡಲು ಒಂದೇ ಥರ ಇರುತ್ತವೆ. ತೊದಲು ಮಾತು, ವಾಂತಿ, ತೂಕಡಿಕೆ, ಸಿಟ್ಟು. ಸ್ಕ್ಯಾನ್ ಇಲ್ಲದೆ ನಾವೂ ಬೇರೆ ಮಾಡಿ ಹೇಳುವುದಕ್ಕೆ ಆಗುವುದಿಲ್ಲ. ಅದಕ್ಕೇ ಕುಡಿದು ಬಿದ್ದವನಿಗೆ ತಲೆಗೆ ಪೆಟ್ಟಾಗಿದೆ ಅಂತಲೇ ಇಟ್ಟುಕೊಂಡು ನಡೆಯಿರಿ. ಮತ್ತೆ ಮತ್ತೆ ವಾಂತಿ, ಒಂದು ಕಣ್ಣಿನ ಪಾಪೆ ದೊಡ್ಡದು ಒಂದು ಚಿಕ್ಕದು, ಕಿವಿ ಮೂಗಿನಲ್ಲಿ ನೀರು ಅಥವಾ ರಕ್ತ, ಎಬ್ಬಿಸಿದರೆ ಏಳದಿರುವುದು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಉಸಿರಾಡುತ್ತಿದ್ದು ಪ್ರಜ್ಞೆ ಇಲ್ಲದಿದ್ದರೆ ಮೆಲ್ಲಗೆ ಒಂದು ಮಗ್ಗುಲಿಗೆ ಹೊರಳಿಸಿ. ಅಂಗಾತ ಮಲಗಿಸಿದರೆ ವಾಂತಿ ಗಂಟಲಿಗೆ ಸಿಕ್ಕಿ ಸಾಯಬಹುದು. ಕತ್ತಿಗೆ ಪೆಟ್ಟಾಗಿರಬಹುದು, ತಲೆ ಮತ್ತು ಮೈ ಒಟ್ಟಿಗೆ ತಿರುಗಬೇಕು. ನೀರು, ಮಜ್ಜಿಗೆ, ನಿಂಬೆಹಣ್ಣು ಏನನ್ನೂ ಬಾಯಿಗೆ ಹಾಕಬೇಡಿ.

ಇನ್ನೊಂದು ಮಾತು. ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ತಂದವರ ಮೇಲೆ ಕೇಸು ಬೀಳುತ್ತದೆ ಅಂತ ಜನ ಈಗಲೂ ಹೆದರುತ್ತಾರೆ. ಬೀಳುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 134ಎ ಅನ್ನುವ ಸೆಕ್ಷನ್ ಸೇರಿಸಿದ್ದೇ ಅದಕ್ಕೆ. ಹೆಸರು ಹೇಳಲೇಬೇಕು ಅಂತಲೂ ಇಲ್ಲ.

---

ಕೆರೆಕೋಡಿ

ಮೇಡಂ, ಈ ಗೊರಕೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ಪ್ರಿಂಟ್ ತೆಗೆಸಿ ಅಡುಗೆ ಶಾಮಿಯಾನದ ಹತ್ತಿರ ಅಂಟಿಸುತ್ತೇನೆ.

---

ಹಾಸನ ರಸ್ತೆ

ಯಾರೂ ಬೇಜಾರು ಮಾಡಿಕೊಳ್ಳಬೇಡಿ, ನನಗೆ ಅನ್ನಿಸಿದ್ದು ಹೇಳುತ್ತೇನೆ. ನಾನು 20 ವರ್ಷದಿಂದ ಎರಡು ಪೆಗ್ ಹಾಕಿಕೊಂಡು ಗಾಡಿ ಓಡಿಸುತ್ತಿದ್ದೇನೆ. ಒಂದು ಗೀರು ಬಿದ್ದಿಲ್ಲ. ಕುಡಿದ ದಿನ ನಾನು ಇನ್ನೂ ನಿಧಾನ, ಇನ್ನೂ ಹುಷಾರು. ತಪ್ಪು ಇರುವುದು ಲಿಮಿಟ್ ಗೊತ್ತಿಲ್ಲದವರಲ್ಲಿ. ಎಲ್ಲರ ಕೀ ಕಿತ್ತುಕೊಂಡರೆ ಹಿರಿಯರಿಗೆ ಅವಮಾನ ಮಾಡಿದ ಹಾಗೆ ಆಗುವುದಿಲ್ಲವಾ?

---

ಕೆಮಿಸ್ಟ್ರಿ ಮೇಷ್ಟ್ರು

ಹಾಸನ ರಸ್ತೆಯವರೇ, ನಿಮ್ಮ ಲಿಮಿಟ್ ಬಗ್ಗೆಯೇ ಲೆಕ್ಕ ಹಾಕೋಣ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಬಾರದು. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್ ಬಾಟಲಿ ಮೇಲೆ 42.8 ಪರ್ಸೆಂಟ್ ಅಂತ ಇರುತ್ತದೆ. ಒಂದು ನೈಂಟಿಯಲ್ಲಿ, ಅಂದರೆ 90 ಮಿಲಿಯಲ್ಲಿ, ಸುಮಾರು 30 ಗ್ರಾಂ ಆಲ್ಕೋಹಾಲ್. 65 ಕೆಜಿ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಬೇಗ ಕುಡಿದರೆ ರಕ್ತದಲ್ಲಿ 60ರಿಂದ 70ರವರೆಗೆ ಹೋಗುತ್ತದೆ. ಅಂದರೆ ಒಂದೇ ನೈಂಟಿಗೆ ಮಿತಿಯ ಎರಡು ಪಟ್ಟು. 8 ಪರ್ಸೆಂಟಿನ ಸ್ಟ್ರಾಂಗ್ ಬಿಯರ್ 650 ಮಿಲಿ ಬಾಟಲಿ ಒಂದನ್ನು ಮುಗಿಸಿದರೆ ಅದಕ್ಕಿಂತ ಜಾಸ್ತಿ. "ಬರೀ ಬಿಯರ್ ಕಣೋ" ಅನ್ನುವವರು ಇದನ್ನು ನೋಡಬೇಕು.

ಇಳಿಯುವುದು ನಿಧಾನ. ಗಂಟೆಗೆ ಹೆಚ್ಚುಕಡಿಮೆ 15 ಮಿಲಿಗ್ರಾಂ. ಆ ಕೆಲಸ ಲಿವರ್‌ನದು, ಅದರ ವೇಗ ಕಾಫಿಗೆ, ಮೊಸರಿಗೆ, ತಣ್ಣೀರಿಗೆ ಬದಲಾಗುವುದಿಲ್ಲ. ಒಂದು ಕ್ವಾರ್ಟರ್ ಅಂದರೆ 180 ಮಿಲಿ ಕುಡಿದವನು 130ರ ಹತ್ತಿರ ಇರುತ್ತಾನೆ. ಅಲ್ಲಿಂದ 30ಕ್ಕೆ ಬರಲು ಆರೇಳು ಗಂಟೆ ಬೇಕು. ಎರಡು ಕ್ವಾರ್ಟರ್ ಹಾಕಿ ರಾತ್ರಿ ಹನ್ನೊಂದಕ್ಕೆ ಮಲಗಿದವನು ಬೆಳಿಗ್ಗೆ ಎಂಟಕ್ಕೆ ಸ್ನಾನ ಮಾಡಿ, ಇಡ್ಲಿ ತಿಂದು, ವಿಭೂತಿ ಇಟ್ಟುಕೊಂಡು ಹೊರಟರೂ ಅವನ ರಕ್ತದಲ್ಲಿ ಅಮಲು ಹಾಗೇ ಇರುತ್ತದೆ. ಇದು ಅಂದಾಜು ಲೆಕ್ಕ, ಮೈಯಿಂದ ಮೈಗೆ ವ್ಯತ್ಯಾಸ ಆಗುತ್ತದೆ. ಹೆಂಗಸರಿಗೆ, ತೆಳ್ಳಗಿರುವವರಿಗೆ ಇನ್ನೂ ಬೇಗ ಏರುತ್ತದೆ.

"ಕುಡಿದ ದಿನ ನಾನು ಹುಷಾರು" ಅಂದಿರಿ. ನೀವು ಸುಳ್ಳು ಹೇಳುತ್ತಿಲ್ಲ, ನಿಮಗೆ ಹಾಗೆ ಅನ್ನಿಸುತ್ತದೆ. ಮದ್ಯ ಮೊದಲು ಮಂಕು ಮಾಡುವುದೇ ನಮ್ಮನ್ನು ನಾವು ಅಳೆದುಕೊಳ್ಳುವ ಬುದ್ಧಿಯನ್ನು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರ್ ಮೇಲೆ ಹೋಗುತ್ತದೆ. ಬ್ರೇಕಿಗೆ ಕಾಲು ಹೋಗುವುದು ಅರ್ಧ ಸೆಕೆಂಡ್ ತಡವಾದರೂ 8 ಮೀಟರ್ ಜಾಸ್ತಿ. ಈ ಅಕ್ಕನ ತಮ್ಮ ಮತ್ತು ಆ ಟ್ರಾಕ್ಟರ್ ನಡುವೆ ಆ 8 ಮೀಟರ್ ಇದ್ದಿದ್ದರೆ ಅಂತ ಯೋಚನೆ ಮಾಡಿ.

---

ಹಾಸನ ರಸ್ತೆ

ಬೆಳಿಗ್ಗೆಯ ಲೆಕ್ಕ ನಾನು ಯಾವತ್ತೂ ಯೋಚಿಸಿರಲಿಲ್ಲ ಮೇಷ್ಟ್ರೇ. ಮಗಳನ್ನು ಶಾಲೆಗೆ ಬಿಡುವುದು ನಾನೇ.

---

ಶಿರಾ ಲಾರಿ

ನಾನು ಲಾರಿ ಡ್ರೈವರ್. ಬೆಂಗಳೂರು, ಹುಬ್ಬಳ್ಳಿ, ಪುಣೆ ಲೈನ್. ಕುಡಿದು ಓಡಿಸುವವರಲ್ಲಿ ಜನ ಮೊದಲು ನಮ್ಮನ್ನೇ ತೋರಿಸುತ್ತಾರೆ. ನಮ್ಮಲ್ಲೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ರಾತ್ರಿ ಹೊತ್ತು ನನಗೆ ಜಾಸ್ತಿ ಭಯ ಹುಟ್ಟಿಸುವುದು ಗಾಡಿಯಲ್ಲಿ ಇರುವವರಲ್ಲ, ನಡೆದುಕೊಂಡು ಹೋಗುವವರು. ಕುಡಿದು ಡಾಬಾದಿಂದ ಹೊರಟು ಹೆದ್ದಾರಿ ದಾಟುತ್ತಾರೆ. ಮೈಮೇಲೆ ಕಪ್ಪು ಬಟ್ಟೆ. ಅರ್ಧ ರಸ್ತೆಗೆ ಬಂದು ನಿಂತುಬಿಡುತ್ತಾರೆ, ಇಲ್ಲವೇ ವಾಪಸ್ ತಿರುಗುತ್ತಾರೆ. ಡಾಂಬರು ಬೆಚ್ಚಗಿರುತ್ತದೆ ಅಂತ ರಸ್ತೆ ಅಂಚಿನಲ್ಲೇ ಮಲಗಿದವರನ್ನೂ ನೋಡಿದ್ದೇನೆ. ಹಾಗೆ ಸತ್ತವರು "ಕುಡಿದು ಓಡಿಸಿದವರು" ಅನ್ನುವ ಲೆಕ್ಕಕ್ಕೆ ಬರುವುದೇ ಇಲ್ಲ ಅಲ್ವಾ?

ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಅಂದಿತು. ಆಮೇಲೆ ಸಣ್ಣ ಊರುಗಳಿಗೆ 220 ಮೀಟರ್ ಅಂತ ಆಯಿತು. 2017ರ ಜುಲೈನಲ್ಲಿ ಪಟ್ಟಣದ ಮಿತಿಯೊಳಗೆ ಆ ನಿಯಮ ಇಲ್ಲ ಅಂತ ಆಯಿತು. ಒಂದಷ್ಟು ಅಂಗಡಿ ಹಿಂದಕ್ಕೆ ಹೋಗಿದ್ದು ನಿಜ. ಆದರೆ ಅಲ್ಲಿಂದ ರಸ್ತೆಗೆ ಕತ್ತಲೆಯ ಕಾಲುದಾರಿ ಬಂತು.

ಅಕ್ಕ, ನಿಮ್ಮ ಕೆಲಸಕ್ಕೆ ಬರುವ ಮಾತು ಎರಡು. ಒಂದು, ಜನರನ್ನು ಸಾಗಿಸುವುದಕ್ಕೆ ಟಾಟಾ ಏಸ್, ಟ್ರಾಕ್ಟರ್ ಟ್ರೈಲರ್ ಇಡಬೇಡಿ. ಸಾಮಾನಿನ ಗಾಡಿಯಲ್ಲಿ ಜನ ತುಂಬುವುದು ತಪ್ಪು. ಕುಡಿದವರು ಹಿಂದೆ ನಿಂತು ಕುಣಿಯುತ್ತಾರೆ, ತಿರುವಿನಲ್ಲಿ ಪಲ್ಟಿ ಹೊಡೆದರೆ ಹತ್ತು ಮನೆ ಹಾಳು. ಟಿಟಿ (ಟೆಂಪೋ ಟ್ರಾವೆಲರ್) ಅಥವಾ ಮಿನಿ ಬಸ್ಸೇ ಮಾಡಿ. ಎರಡು, ಆ ಡ್ರೈವರುಗಳಿಗೆ ಮೊದಲು ಊಟ ಹಾಕಿ, ಬೇರೆ ಕಡೆ ಕೂರಿಸಿ. ಹಿಂದಿನ ಶಾಮಿಯಾನಕ್ಕೆ "ಬಾರಪ್ಪ ನೀನೂ ಒಂಚೂರು ತಗೋ" ಅಂತ ಕರೆಯುವವರು ಇದ್ದೇ ಇರುತ್ತಾರೆ. ನನ್ನನ್ನೂ ಎಷ್ಟೋ ಮದುವೆಯಲ್ಲಿ ಕರೆದಿದ್ದಾರೆ.

---

ಮಾನ್ವಿ ಆಶಾ

ಅಕ್ಕಾರ, ನಾನು ರಾಯಚೂರು ಜಿಲ್ಲೆಯವಳು, ಆಶಾ ಕಾರ್ಯಕರ್ತೆ. ನಮ್ಮ ಕಡೆ ಬೀಗರೂಟ ಹಿಂಗ ಇಲ್ಲ. ನಮ್ಮಲ್ಲಿ ಸಂತೆ ದಿನ ಮತ್ತು ಬಟವಾಡೆ ದಿನ. ಕೂಲಿ ಕೈಗೆ ಬಂದ ಸಂಜೆ 90 ಮಿಲಿ ಪಾಕೀಟು. ಸಾರಾಯಿ 2007ರ ಜುಲೈ 1ರಿಂದ ನಿಂತಿತು. ಆದರೆ ಸಾರಾಯಿ ಹೋಗಿ ಡಬ್ಬಿ ಮದ್ಯ ಬಂತು ಅಷ್ಟೇ. ಊರೊಳಗಿನ ಕಿರಾಣಿ ಅಂಗಡಿಯಲ್ಲೇ ಲೈಸೆನ್ಸ್ ಇಲ್ಲದೆ ಮಾರುತ್ತಾರೆ.

ನಮ್ಮ ಓಣಿಯಲ್ಲಿ ಹೋದ ಎರಡು ವರ್ಷದಲ್ಲಿ ಕುಡಿದು ಸತ್ತವರು ಮೂವರು. ಒಬ್ಬರೂ ಗಾಡಿಯಿಂದ ಸತ್ತಿಲ್ಲ. ಒಬ್ಬರು ಕಾಲುವೆಯಲ್ಲಿ ಕಾಲು ತೊಳೆಯಲು ಇಳಿದು ಮೇಲೆ ಬರಲಿಲ್ಲ. ಒಬ್ಬರು ಮಾಳಿಗೆ ಮೇಲೆ ಮಲಗಿದ್ದವರು ರಾತ್ರಿ ಎದ್ದು ನಡೆದು ಕೆಳಗೆ ಬಿದ್ದರು. ಒಬ್ಬರು ಹೊಲದ ಮೋಟಾರ್ ಚಾಲೂ ಮಾಡಲು ಹೋಗಿ ಒದ್ದೆ ಕೈಯಲ್ಲಿ ವೈರ್ ಮುಟ್ಟಿದರು. ಮೂರೂ ಮನೆಯಲ್ಲಿ ಹೆಂಡತಿಯ ವಯಸ್ಸು ಮೂವತ್ತು ದಾಟಿಲ್ಲ.

ಇಂಥ ಸಾವುಗಳಿಗೇ ನಮ್ಮ ಹೆಣ್ಣುಮಕ್ಕಳು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡು ಹೋದರು. ಸಾವಿರಾರು ಜನ, ಹೆಚ್ಚುಕಡಿಮೆ 200 ಕಿಲೋಮೀಟರ್. ಕಾಲು ಬೊಬ್ಬೆ ಬಂದಿದ್ದವು. ಮದ್ಯ ನಿಲ್ಲಿಸಿರಿ ಅಂತ ಕೇಳಿದರು. ಸರಕಾರಕ್ಕೆ ಅಬಕಾರಿಯಿಂದ ವರ್ಷಕ್ಕೆ 30 ಸಾವಿರ ಕೋಟಿಗಿಂತ ಜಾಸ್ತಿ ಬರುತ್ತದೆ. ಯಾರು ನಿಲ್ಲಿಸುತ್ತಾರೆ?

ನಿಮ್ಮ ತೋಟದಲ್ಲಿ ತೆರೆದ ಬಾವಿ ಇದೆಯೇನು? ಇದ್ದರೆ ಮೊದಲು ಅದರ ಸುತ್ತ ಕಟ್ಟಿಗೆ ಕಟ್ಟಿಸಿ, ಬಲ್ಬ್ ಹಾಕಿಸಿ.

---

ಕೆರೆಕೋಡಿ

ಆಶಾ ಅವರೇ, ಬಾವಿ ಇದೆ. ಪಂಪ್‌ಸೆಟ್ ಮನೆಯ ಪಕ್ಕದಲ್ಲೇ. ಕಟ್ಟೆ ಮೊಳಕಾಲುದ್ದ ಅಷ್ಟೇ. ನಾನು ಗಾಡಿಯ ಬಗ್ಗೆ ಯೋಚನೆ ಮಾಡುತ್ತಾ ಬಾವಿಯನ್ನೇ ಮರೆತಿದ್ದೆ. ನಾಳೆಯೇ ಹೇಳುತ್ತೇನೆ.

---

ತುಮಕೂರು ವಕೀಲ

ಅಪಘಾತ ಪರಿಹಾರದ ಕೇಸುಗಳನ್ನು ನಡೆಸುತ್ತೇನೆ. ಇಲ್ಲಿ ಕೀ ಕೊಡುವ ಮಾತು ಬಂದಿದ್ದರಿಂದ ಒಂದು ಸೆಕ್ಷನ್ ಹೇಳಲೇಬೇಕು. 185 ಎಲ್ಲರಿಗೂ ಗೊತ್ತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಎರಡನೇ ಸಲಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ 15,000 ದಂಡ, ಅಥವಾ ಎರಡೂ. ಅದೇ ಕಾಯ್ದೆಯಲ್ಲಿ 188 ಅಂತ ಇದೆ. ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ. ಕೆರೆಕೋಡಿ ಅಕ್ಕ, ಇದನ್ನು ನಿಮಗೆ ಹೇಳುತ್ತಿಲ್ಲ, ನೀವು ಮಾತ್ರೆಗೆ ಅಂತ ನಂಬಿ ಕೊಟ್ಟಿರಿ. "ತಗೊಂಡು ಹೋಗೋ, ಏನೂ ಆಗಲ್ಲ" ಅಂತ ತನ್ನ ಗಾಡಿ ಕೊಡುವವರಿಗೆ ಹೇಳುತ್ತಿದ್ದೇನೆ.

ಕುಡಿದು ಓಡಿಸಿ ಇನ್ನೊಬ್ಬರನ್ನು ಕೊಂದರೆ? ಹಿಂದೆ ಬಹಳಷ್ಟು ಕೇಸು ಹಳೆಯ ದಂಡ ಸಂಹಿತೆಯ (ಐಪಿಸಿ) 304ಎ, ಅಂದರೆ ಅಜಾಗರೂಕತೆಯಿಂದ ಆದ ಸಾವು ಅನ್ನುವ ಸೆಕ್ಷನ್‌ನಲ್ಲಿ ಮುಗಿಯುತ್ತಿದ್ದವು. ಎರಡು ವರ್ಷದವರೆಗೆ ಶಿಕ್ಷೆ ಅಷ್ಟೇ. 2006ರ ನವೆಂಬರ್‌ನಲ್ಲಿ ಮುಂಬೈನ ಕಾರ್ಟರ್ ರಸ್ತೆಯಲ್ಲಿ ಫುಟ್‌ಪಾತ್ ಮೇಲೆ ಮಲಗಿದ್ದ ಕೂಲಿಯವರ ಮೇಲೆ ಒಂದು ಕಾರು ಹೋಯಿತು. ಏಳು ಜನ ಸತ್ತರು. ಆ ಕೇಸಿನಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್, ಕುಡಿದು ಹೀಗೆ ಓಡಿಸಿದರೆ ಜನ ಸಾಯಬಹುದು ಅಂತ ಓಡಿಸುವವನಿಗೆ ಗೊತ್ತಿರುತ್ತದೆ, ಇದು ಬರೀ ಅಜಾಗರೂಕತೆ ಅಲ್ಲ ಅಂತ ಒಪ್ಪಿ 304ರ ಎರಡನೇ ಭಾಗದ, ಅಂದರೆ ಕೊಲೆಯಲ್ಲದ ನರಹತ್ಯೆಯ, ಶಿಕ್ಷೆಯನ್ನು ಎತ್ತಿಹಿಡಿಯಿತು. ಆದರೂ ಏಳು ಜೀವಕ್ಕೆ ಸಿಕ್ಕಿದ್ದು ಮೂರು ವರ್ಷ. ಆ ತೀರ್ಪು ಓದಿದಾಗೆಲ್ಲ ನನಗೆ ಸಮಾಧಾನ ಆಗುವುದಿಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಜಾಗರೂಕತೆಯ ಸಾವಿಗೇ ಐದು ವರ್ಷದವರೆಗೆ ಇದೆ.

ಇನ್ನು ಹಣದ ವಿಷಯ. ಕುಡಿದು ಓಡಿಸಿದವನು ಇನ್ನೊಬ್ಬರನ್ನು ಕೊಂದಾಗ, ಹಲವು ಕೇಸುಗಳಲ್ಲಿ ನ್ಯಾಯಾಲಯ "ವಿಮಾ ಕಂಪನಿ ಮೊದಲು ಸತ್ತವರ ಮನೆಗೆ ಕೊಡಲಿ, ಆಮೇಲೆ ಗಾಡಿ ಮಾಲೀಕನಿಂದ ವಸೂಲಿ ಮಾಡಲಿ" ಅನ್ನುತ್ತದೆ. ಮಾಲೀಕ ಅಂದರೆ ಆರ್‌ಸಿಯಲ್ಲಿ ಹೆಸರಿರುವವನು. ಮಗ ಕುಡಿದು ಗುದ್ದಿದ, ಬೈಕು ಅಪ್ಪನ ಹೆಸರಿನಲ್ಲಿದೆ, ಜಮೀನು ಹೋಗುವುದು ಅಪ್ಪನದು. ಇಂಥ ಮನೆಗಳನ್ನು ನೋಡಿದ್ದೇನೆ. ಕುಡಿದು ತಾನೇ ಗುದ್ದಿ ಸತ್ತವನ ಹೆಂಡತಿ ಮಕ್ಕಳಿಗೆ ಸಾಮಾನ್ಯವಾಗಿ ಅಪಘಾತ ವಿಮೆಯೂ ಸಿಗುವುದಿಲ್ಲ. ಕಾರು ಜಖಂ ಆದ ದುಡ್ಡೂ ಇಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದಕ್ಕೆ ಹೋಗಿ, ಉಸಿರು ಪರೀಕ್ಷೆ ಮಾಡಿಸಿಲ್ಲ ಅನ್ನುವುದೊಂದೇ ಕಾರಣಕ್ಕೆ "ಓಡಿಸಿದವನು ಕುಡಿದಿದ್ದ" ಅನ್ನುವ ವಿಮಾ ಕಂಪನಿಯ ವಾದ ಬಿದ್ದುಹೋಗುವುದಿಲ್ಲ ಅಂದಿದೆ.

ಒಂದು ಸಣ್ಣ ಮಾತು. ತೋಟದಲ್ಲಿ ಮದ್ಯ ಕೊಡುವುದೇ ಆದರೆ ಅಬಕಾರಿ ಇಲಾಖೆಯಿಂದ ಆ ದಿನಕ್ಕೆ ಸಿಎಲ್-5 ಲೈಸೆನ್ಸ್ ತೆಗೆದುಕೊಳ್ಳಬೇಕು. ನಿಮ್ಮ ಚಿಕ್ಕಪ್ಪನಿಗೆ ಹೇಳಿ. ಲೈಸೆನ್ಸ್ ಅವರ ಹೆಸರಿಗೆ ಬಂದರೆ ಜವಾಬ್ದಾರಿಯೂ ಅವರ ತಲೆಗೆ ಬರುತ್ತದೆ. ಅದು ಒಳ್ಳೆಯದೇ.

---

ಬಾರ್ ಸಪ್ಲಯರ್

ಬೆಂಗಳೂರಿನಲ್ಲಿ ಬಾರ್ ಅಂಡ್ ರೆಸ್ಟೋರೆಂಟ್ ಒಂದರಲ್ಲಿ ಒಂಬತ್ತು ವರ್ಷ ಸಪ್ಲಯರ್ ಆಗಿದ್ದೆ. ಈಗ ಬಿಟ್ಟಿದ್ದೇನೆ. ಟೇಬಲ್ ಹತ್ತಿರ ನಿಂತು ನೋಡಿದ್ದನ್ನು ಹೇಳುತ್ತೇನೆ.

ಕುಡಿದ ಮೇಲೆ ಕೀ ಕೇಳಿದರೆ ಜಗಳ. ಕುಡಿಯುವ ಮುಂಚೆ ಕೇಳಿದರೆ ಕೊಡುತ್ತಾರೆ, ನಗುತ್ತಲೇ ಕೊಡುತ್ತಾರೆ. ಮೂರನೇ ಪೆಗ್ ಆದ ಮೇಲೆ ಅದೇ ಮನುಷ್ಯ "ನನಗೆ ಹೇಳ್ತೀಯಾ" ಅಂತ ಕಾಲರ್ ಹಿಡಿಯುತ್ತಾನೆ. ಹಾಗಾಗಿ ಕೀ ತೆಗೆದುಕೊಳ್ಳುವುದು ತೋಟದ ಗೇಟಿನಲ್ಲೇ ಆಗಬೇಕು. ಗಾಡಿ ಪಾರ್ಕಿಂಗ್ ನೆಪದಲ್ಲಿ ಎಲ್ಲರದ್ದೂ ತೆಗೆದುಕೊಳ್ಳಿ, ಕುಡಿಯುವವರು ಕುಡಿಯದವರು ಅಂತ ನೋಡಬೇಡಿ. ಆಗ ಅವಮಾನದ ಮಾತೇ ಬರುವುದಿಲ್ಲ.

ಊಟ ಮೊದಲು ಹಾಕಿ. ಹೊಟ್ಟೆ ತುಂಬಿದವನು ಕಡಿಮೆ ಕುಡಿಯುತ್ತಾನೆ, ನಿಧಾನಕ್ಕೆ ಏರುತ್ತದೆ. ಬಾಟಲಿಗಳನ್ನು ಮೇಜಿನ ಮೇಲೆ ಇಡಬೇಡಿ, ಒಬ್ಬನೇ ಹಾಕಿಕೊಡಲಿ. ಬಿಸಿಲಿಗೆ ನೀರಿನ ಡ್ರಮ್ಮು ಬೇಕಾದಷ್ಟು ಇರಲಿ. ಬಾಯಾರಿಕೆಗೆ ಬಿಯರ್ ಕುಡಿಯುವವರು ಬಹಳ. ಮೂರು ಗಂಟೆಗೆ ಬಂದ್ ಅಂದರೆ ಬಂದ್.

ಕೆಲಸ ಬಿಟ್ಟಿದ್ದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ. ದಿನಾ ಬರುತ್ತಿದ್ದ ಒಬ್ಬ ಹಿರಿಯರಿಗೆ ಒಂದು ರಾತ್ರಿ ಕೊನೆಯ ಪೆಗ್ ಹಾಕಿಕೊಟ್ಟವನು ನಾನು. ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ, ನಾನೇ ಕಿಕ್ ಹೊಡೆದು ಕೊಟ್ಟೆ. ಮಾರನೇ ದಿನ ಅವರ ಮಗ ಬಂದು, ಅಪ್ಪ ಹೊರಟಿದ್ದು ಎಷ್ಟು ಗಂಟೆಗೆ ಅಂತ ಕೇಳಿದ. ಅಷ್ಟನ್ನು ಮಾತ್ರ ಕೇಳಿದ.

---

ಕೆರೆಕೋಡಿ

ಅಣ್ಣ, ನಿಮ್ಮ ಮಾತು ಓದಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ನಮ್ಮಿಬ್ಬರದೂ ಒಂದೇ ಥರ.

---

ಸಿಡ್ನಿಯಿಂದ

ಊರು ಮದ್ದೂರು, ಇಲ್ಲಿಗೆ ಬಂದು 14 ವರ್ಷ. ಇಲ್ಲಿ ರಕ್ತದಲ್ಲಿನ ಮಿತಿ 50 ಮಿಲಿಗ್ರಾಂ, ನಮ್ಮ 30ಕ್ಕಿಂತ ಸಡಿಲ. ಹೊಸದಾಗಿ ಲೈಸೆನ್ಸ್ ಪಡೆದವರಿಗೆ ಮಾತ್ರ ಸೊನ್ನೆ. ಆದರೂ ಇಲ್ಲಿ ಜನ ಹೆದರುತ್ತಾರೆ. ನ್ಯೂ ಸೌತ್ ವೇಲ್ಸ್‌ನಲ್ಲಿ 1982ರ ಡಿಸೆಂಬರ್‌ನಿಂದ ಪೊಲೀಸರು ಯಾರನ್ನು ಬೇಕಾದರೂ, ಯಾವ ಅನುಮಾನವೂ ಇಲ್ಲದೆ, ನಿಲ್ಲಿಸಿ ಊದಿಸಬಹುದು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ದೇವಸ್ಥಾನಕ್ಕೆ ಹೋಗುವಾಗ ನನ್ನನ್ನು ಊದಿಸಿದ್ದಾರೆ. ಮೇಷ್ಟ್ರು ಹೇಳಿದ ಬೆಳಿಗ್ಗೆಯ ಲೆಕ್ಕ ಇವರಿಗೆ ಗೊತ್ತಿದೆ. ಸಿಕ್ಕಿಬಿದ್ದೇ ಬೀಳುತ್ತೇನೆ ಅನ್ನುವ ಭಯ ದಂಡಕ್ಕಿಂತ ದೊಡ್ಡದು. ನಮ್ಮಲ್ಲಿ 30 ಅಂತ ಬಿಗಿಯಾಗಿ ಬರೆದಿದ್ದೇವೆ. ಆದರೆ ನಾಗಮಂಗಲದ ಒಳರಸ್ತೆಯಲ್ಲಿ ಮಧ್ಯಾಹ್ನ ಮೂರಕ್ಕೆ ಊದಿಸುವವರು ಯಾರು?

ಇಲ್ಲಿನ ಕನ್ನಡದವರ ಮನೆ ಕೂಟಗಳಲ್ಲಿ ಒಂದು ರೂಢಿ ಇದೆ. ಗಂಡ ಹೆಂಡತಿ ಮನೆಯಿಂದ ಹೊರಡುವ ಮುಂಚೆಯೇ "ವಾಪಸ್ ನೀನು ಓಡಿಸ್ತೀಯಾ, ನಾನಾ?" ಅಂತ ತೀರ್ಮಾನ ಆಗಿರುತ್ತದೆ. ಓಡಿಸುವವರ ಕೈಯಲ್ಲಿ ಜ್ಯೂಸ್ ನೋಡಿದರೆ ಯಾರೂ ಒತ್ತಾಯ ಮಾಡುವುದಿಲ್ಲ. ನಮ್ಮೂರಲ್ಲಿ ಆ ಒತ್ತಾಯವೇ ದೊಡ್ಡ ಕಷ್ಟ. "ಒಂದು ತಗೋ, ನಮ್ಮ ಮನೆ ಮರ್ಯಾದೆ" ಅನ್ನುತ್ತಾರೆ.

---

ಚನ್ನಪಟ್ಟಣ ಹುಡುಗ

ಒಂದು ಪ್ರಶ್ನೆ. ನಮ್ಮಣ್ಣ ದಿನಾ ಕುಡಿಯುತ್ತಾನೆ. ಒಂದು ದಿನ ಕೀ ಕಿತ್ತುಕೊಳ್ಳಬಹುದು, ದಿನಾ ಹೇಗೆ? ಎರಡು ಸಲ ಬಿದ್ದಿದ್ದಾನೆ.

---

ರಾತ್ರಿಪಾಳಿ

ತಮ್ಮಾ, ದಿನಾ ಬೇಕೇ ಬೇಕು ಅನ್ನುವ ಹಂತಕ್ಕೆ ಬಂದಿದ್ದರೆ ಅದು ಕಾಯಿಲೆ. ಬೈದರೆ ಹೋಗುವುದಿಲ್ಲ. ನಿಮ್ಮ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಬೇರೆ ವಿಭಾಗ ಇದೆ. ಫೋನಿನಲ್ಲಿ ಮೊದಲು ಮಾತಾಡಬೇಕು ಅಂದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಹಳ್ಳಿ ಕಡೆ ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳೂ ನಡೆಯುತ್ತವೆ. ಒಂದು ಎಚ್ಚರಿಕೆ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು. ಅದರಿಂದ ಜೀವ ಹೋದದ್ದೂ ಇದೆ. ಹಾಗಾಗಿ ಮನೆಯಲ್ಲಿ ಕೂಡಿಹಾಕಿ ಬಿಡಿಸಲು ಹೋಗಬೇಡಿ, ಡಾಕ್ಟರ್ ಕಣ್ಣಮುಂದೆ ಬಿಡಿಸಿ.

---

ಚನ್ನಪಟ್ಟಣ ಹುಡುಗ

ಸೋಮವಾರ ಕರೆದುಕೊಂಡು ಹೋಗುತ್ತೇನೆ ಅಕ್ಕ.

---

ಕೆರೆಕೋಡಿ

ಬೀಗರೂಟ ಮುಗಿದು ನಾಲ್ಕು ದಿನ ಆಯಿತು. ಇಷ್ಟೊಂದು ಹೇಳಿಕೊಟ್ಟವರಿಗೆ ಏನಾಯಿತು ಅಂತ ಹೇಳಬೇಕಲ್ಲ.

ಚಿಕ್ಕಪ್ಪನನ್ನು ಒಪ್ಪಿಸುವುದೇ ಒಂದು ವಾರದ ಕೆಲಸ ಆಯಿತು. ನನ್ನ ಮಾತಿಗೆ ಒಪ್ಪಲಿಲ್ಲ. ವಕೀಲರು ಬರೆದದ್ದನ್ನು ಓದಿ ಹೇಳಿದೆ. ಆರ್‌ಸಿ, ಜಮೀನು ಅಂದಾಗ ಕೇಳಿಸಿಕೊಂಡರು. ಲೈಸೆನ್ಸ್ ಮಾಡಿಸಿದರು. ಎರಡು ಟಿಟಿ, ಒಂದು ಮಿನಿ ಬಸ್ ಮಾಡಿದೆವು. ಬೆಳ್ಳೂರು ಕ್ರಾಸ್ ಕಡೆ ಒಂದು, ನಾಗಮಂಗಲ ಕಡೆ ಒಂದು, ಬೀಗರ ಊರಿಗೆ ಬಸ್ಸು. ಬಾಡಿಗೆ ಜಾಸ್ತಿಯೇ ಆಯಿತು. ಹಿಂದಿನ ಶಾಮಿಯಾನದ ಖರ್ಚಿಗಿಂತ ಕಡಿಮೆ.

ಗೇಟಿನಲ್ಲಿ ಕೀ ತೆಗೆದುಕೊಳ್ಳಲು ಗಂಡು ಹುಡುಗರನ್ನು ನಿಲ್ಲಿಸೋಣ ಅಂದುಕೊಂಡಿದ್ದೆವು. ಕೊನೆಗೆ ನಮ್ಮ ಇಬ್ಬರು ಸೋದರತ್ತೆಯರೇ ಕುರ್ಚಿ ಹಾಕಿಕೊಂಡು ಕೂತರು. ಎಲೆಅಡಿಕೆ ತಟ್ಟೆ ಮುಂದಿಟ್ಟುಕೊಂಡು "ಬಾರಪ್ಪ, ಕೀ ಇಲ್ಲಿ ಕೊಟ್ಟು ಊಟಕ್ಕೆ ಹೋಗು" ಅಂದರೆ ಯಾರು ಇಲ್ಲ ಅನ್ನುತ್ತಾರೆ? ಸ್ಟೀಲ್ ಡಬ್ಬಿಯಲ್ಲಿ 83 ಕೀ ಸೇರಿದವು. ಕುಡಿಯದವರು ಹೊರಡುವಾಗ ಅತ್ತೆಯ ಎದುರು ನಿಂತು ನಾಲ್ಕು ಮಾತಾಡಿ ವಾಪಸ್ ಪಡೆದರು. ಅನುಮಾನ ಬಂದರೆ "ಟೀ ಕುಡಿದು ಹೋಗು" ಅಂತ ಕೂರಿಸುತ್ತಿದ್ದರು.

ಎಲ್ಲ ಸಲೀಸಾಗಿ ಆಗಲಿಲ್ಲ. ಬಾಟಲಿ ಮೂರಕ್ಕೆ ಬಂದ್ ಆಗಲಿಲ್ಲ, ನಾಲ್ಕು ದಾಟಿತು. ಒಬ್ಬರು ನಮ್ಮ ಮನೆಗೆ ಇನ್ನು ಕಾಲಿಡುವುದಿಲ್ಲ ಅಂತ ಕೂಗಾಡಿ ನಡೆದುಕೊಂಡೇ ಹೊರಟರು. ಹಿಂದೆ ಹುಡುಗರನ್ನು ಕಳಿಸಿ ಬಸ್ಸಿಗೆ ಹತ್ತಿಸಿದೆವು. ಇನ್ನೊಬ್ಬರ ಜೇಬಿನಲ್ಲಿ ಎರಡನೇ ಕೀ ಇತ್ತು. ಸ್ಟಾರ್ಟ್ ಮಾಡಿಯೇಬಿಟ್ಟರು. ನಾನು ಓಡಿಹೋಗಿ ಬೈಕಿನ ಮುಂದೆ ನಿಂತೆ. ಏನು ಹೇಳಿದೆನೋ ನೆನಪಿಲ್ಲ. ತಮ್ಮನ ಹೆಸರು ಹೇಳಿದೆ ಅಂತ ಆಮೇಲೆ ಅಮ್ಮ ಹೇಳಿದರು. ಅವರು ಇಳಿದು ಕೀ ನನ್ನ ಕೈಗೆ ಕೊಟ್ಟು ಅಲ್ಲೇ ಕೂತು ಅತ್ತರು. ಆ ದಿನ ತಮ್ಮನ ಜೊತೆ ಕೂತು ಕುಡಿದವರಲ್ಲಿ ಅವರೂ ಒಬ್ಬರು.

ಬಾವಿಗೆ ಬೊಂಬು ಕಟ್ಟಿಸಿದ್ದೆವು, ಬಲ್ಬ್ ಹಾಕಿದ್ದೆವು. ಆಶಾ ಅವರೇ, ಮೂರು ಜನ ಆ ಬೊಂಬಿಗೆ ಒರಗಿಕೊಂಡು ನಿಂತಿದ್ದನ್ನು ನಾನೇ ನೋಡಿದೆ.

ರಾತ್ರಿ ಒಂಬತ್ತಕ್ಕೆ ಎಲ್ಲ ಮನೆಗೂ ಫೋನ್ ಮಾಡಿದೆವು. ಎಲ್ಲರೂ ತಲುಪಿದ್ದರು. 31 ಗಾಡಿ ತೋಟದಲ್ಲೇ ಉಳಿದವು. ಮಾರನೇ ದಿನ ಮಧ್ಯಾಹ್ನದ ಮೇಲೆ ಬಂದು ತೆಗೆದುಕೊಂಡು ಹೋಗಿ ಅಂತ ಹೇಳಿದ್ದೆವು, ಮೇಷ್ಟ್ರ ಲೆಕ್ಕ ನೋಡಿ.

---

ಶಿರಾ ಲಾರಿ

ಒಳ್ಳೇ ಕೆಲಸ ಆಯಿತು ಅಕ್ಕ. ಆ ಟ್ರಾಕ್ಟರ್‌ಗಳ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಲು ನಿಮ್ಮೂರ ಹುಡುಗರಿಗೆ ಹೇಳಿ. ಒಂದು ರೋಲ್ ತಂದರೆ ಹಲವು ಗಾಡಿಗೆ ಆಗುತ್ತದೆ. ನಾನು ಆ ಕಡೆ ಬರುವಾಗ ತಂದುಕೊಡುತ್ತೇನೆ.

---

ಹಾಸನ ರಸ್ತೆ

83 ಕೀ ಯಾರದು ಯಾವುದು ಅಂತ ಹೇಗೆ ಗೊತ್ತು ಹಚ್ಚಿದಿರಿ? ಯುಗಾದಿ ಮಾರನೇ ದಿನ ಹೊಸತೊಡಕಿಗೆ ನಮ್ಮ ತೋಟದಲ್ಲೂ ಐವತ್ತು ಜನ ಸೇರುತ್ತಾರೆ.

---

ಕೆರೆಕೋಡಿ

ಚೀಟಿಯಲ್ಲಿ ಹೆಸರು ಬರೆದು ರಬ್ಬರ್ ಬ್ಯಾಂಡ್ ಹಾಕಿದ್ದೆವು. ಅದು ಸರಿಹೋಗಲಿಲ್ಲ, ಒಂದೇ ಹೆಸರಿನವರು ನಾಲ್ಕೈದು ಜನ ಇದ್ದರು, ಕೆಲವು ಚೀಟಿ ಕಿತ್ತುಬಂದವು. ನೀವು ಗಟ್ಟಿ ರಟ್ಟು ಕತ್ತರಿಸಿ, ತೂತು ಮಾಡಿ ದಾರದಲ್ಲಿ ಕಟ್ಟಿ. ರಟ್ಟಿನ ಮೇಲೆ ಗಾಡಿ ನಂಬರಿನ ಕೊನೆಯ ನಾಲ್ಕು ಅಂಕಿ, ಹಿಂದುಗಡೆ ಮನೆಯವರ ಫೋನ್ ನಂಬರ್ ಬರೆಸಿ. ಅವರದ್ದಲ್ಲ, ಮನೆಯಲ್ಲಿ ಕಾಯುತ್ತಿರುವವರದ್ದು.